ಶೋಧನೆಯೂ ಬೋಧನೆಯೂ

ದಿನವೂ ನಾಲಗೆಯ ಮೇಲೆ ಆಡುವ ಹೆಸರುಗಳ ಹಿಂದೆ ಏನಿದೆಯೆಂದು ನಾವು ವಿಚಾರಿಸುವುದು ಅಪರೂಪ. ಚಾಣಕ್ಯಪುರಿಯಲ್ಲಿ ವಾಸವಾಗಿರುವ ನನಗೆ ಈ ಮಾತು ಮೇಲಿಂದ ಮೇಲೆ ಮನಸ್ಸಿಗೆ ಬರುತ್ತದೆ. ಸ್ವಾತಂತ್ರ್ಯ ಬಂದ ತರುವಾಯ, 1950ರ ದಶಕದಲ್ಲಿ, ಪರದೇಶಗಳ ರಾಯಭಾರಿಗಳಿಗೆಂದು ಬೆಳೆಸಿದ ಬಡಾವಣೆಯಿದು. ಇಲ್ಲಿಯ ಬೀದಿಗಳಿಗೆ ಶಾಂತಿಪಥ, ನೀತಿಮಾರ್ಗ, ನ್ಯಾಯಮಾರ್ಗ, ಸತ್ಯಮಾರ್ಗ, ವಿನಯಮಾರ್ಗ ಎಂಬ ಹೆಸರುಗಳು. ಸಂಜೆ ಗಾಳಿಸಂಚಾರಕ್ಕೆ ಹೊರಟವನಿಗೆ ನೀತಿಗ್ರಂಥವೊಂದರ ಪರಿವಿಡಿಯ ನಡುವೆ ನಡೆದಾಡಿದಂತೆ ಆಗುತ್ತದೆ! ಇವುಗಳ ಜೊತೆಗೆ ಕೌಟಿಲ್ಯಮಾರ್ಗವೂ ಒಂದುಂಟು. ನಮ್ಮ ಕರ್ನಾಟಕ ಭವನವಿರುವುದು ಆ ಮಾರ್ಗದಲ್ಲಿಯೇ. ಕೌಟಿಲ್ಯನಿಗೂ ಕನ್ನಡನಾಡಿಗೂ ಇಷ್ಟು ನೆರೆಹೊರೆ ಕೂಡಿಬಂದುದು ಆಕಸ್ಮಿಕವಿರಬಹುದು. ಆದರೆ ಇವೆರಡಕ್ಕೂ ನಿಜವಾದ ಒಂದು ನಂಟು ಇದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಕೌಟಿಲ್ಯನ ಅರ್ಥಶಾಸ್ತ್ರವೆಂಬ ಗ್ರಂಥವನ್ನು ಹಿಂದಿನವರು ತಮ್ಮ ಗ್ರಂಥಗಳಲ್ಲಿ ಹೆಸರಿಸಿದ್ದರು. ಆದರೆ ಗ್ರಂಥವೇ ಕಣ್ಮರೆಯಾಗಿತ್ತು. ಅದು ನಷ್ಟವಾಯಿತೆಂದೇ ವಿದ್ವಾಂಸರು ಭಾವಿಸಿದ್ದರು. 1905ರ ಸುಮಾರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಯೋಲೆಯ ಕಟ್ಟನ್ನು ಒಪ್ಪಿಸಿದರು. ಆಗ ಅಲ್ಲಿ ಗ್ರಂಥಪಾಲಕರಾಗಿದ್ದವರು ಆರ್. ಶಾಮಶಾಸ್ತ್ರಿಗಳು, ಕಾವೇರಿಯ ದಡದ ರುದ್ರಪಟ್ಟಣದವರು. ಬಂದ ಕಟ್ಟಿಗೆ ಒಂದು ಸಂಖ್ಯೆಯನ್ನು ಕೊಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಅವರ ಉದ್ಯೋಗದ ಹೊಣೆ ತೀರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಗ್ರಂಥಲಿಪಿಯಲ್ಲಿದ್ದ ಆ ಗರಿಗಳನ್ನು ಒಂದೊಂದಾಗಿ ಓದಿದರು. ಕಳೆದುಹೋಯಿತೆಂದು ತಿಳಿದಿದ್ದ ಅರ್ಥಶಾಸ್ತ್ರ ಅವರ ಕೈಯಲ್ಲಿತ್ತು! 1909ರಲ್ಲಿ ಮೂಲವನ್ನು ಅಚ್ಚುಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಭಾರತೀಯರು ಪರಲೋಕದ ಚಿಂತೆಯಲ್ಲಿ ಮುಳುಗಿದ್ದವರು, ರಾಜ್ಯದ ಆಡಳಿತವನ್ನು ಕುರಿತು ಶಾಸ್ತ್ರೀಯವಾಗಿ ಆಲೋಚಿಸಿದವರಲ್ಲ ಎಂದು ಹೇಳುತ್ತಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಸುಂಕ, ತೂಕ, ಗಣಿ, ನೀರಾವರಿ, ದಂಡನೆ, ಗೂಢಚಾರಿಕೆ ಮುಂತಾದ ಸಮಸ್ತ ವಿಷಯಗಳನ್ನೂ ಹದಿನೈದು ಅಧಿಕರಣಗಳಲ್ಲಿ ವಿಂಗಡಿಸಿ ಹೇಳುವ ಗ್ರಂಥ ಎದುರಿಗಿತ್ತು. ಇತಿಹಾಸದ ತರಗತಿಗಳಲ್ಲಿ ಪಾಠವೇ ಬದಲಾಯಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಇದನ್ನು ಬರೆದವನು ಒಬ್ಬನೇ ಏನು, ಯಾವ ಕಾಲದವನು ಎಂಬ ಪ್ರಶ್ನೆಗಳು ಎದ್ದವು. 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಒಂದು ವಿಚಿತ್ರವಾದ ಕೆಲಸ ಮಾಡಿದರು. ‘ಚ’, ‘ವಾ’, ‘ಏವ’ ಎಂಬಂಥ ಪುಟ್ಟ ಪದಗಳು ಗ್ರಂಥದ ಯಾವ ಭಾಗದಲ್ಲಿ ಎಷ್ಟೆಷ್ಟು ಬರುತ್ತವೆಂದು ಎಣಿಸಿದರು. ಬೇರೆ ಬೇರೆ ಭಾಗಗಳಲ್ಲಿ ಲೆಕ್ಕ ಬೇರೆ ಬೇರೆಯಾಗಿ ಬಂದಿತು. ಆದ್ದರಿಂದ ಇದು ಒಬ್ಬನ ಕೈಯ ಬರಹವಲ್ಲವೆಂದು ವಾದಿಸಿದರು. ಎಲ್ಲರೂ ಒಪ್ಪಿದರೆಂದಲ್ಲ, ಚರ್ಚೆ ಮುಂದುವರಿಯಿತು. ಈ ಸಂಗತಿಯನ್ನು ನಾನು ಇಲ್ಲಿ ಹೇಳುವುದಕ್ಕೆ ಕಾರಣವಿಷ್ಟೆ: ಎಣಿಸುವುದಕ್ಕೆ ಬಿ.ಎ. ಪದವಿ ಬೇಕಾಗಿಲ್ಲ. ಎಂಟನೆಯ ತರಗತಿಯ ಹುಡುಗನೂ ಎಣಿಸಬಲ್ಲನು. ಯಾವುದನ್ನು ಎಣಿಸಬೇಕು, ಏತಕ್ಕೆ ಎಣಿಸಬೇಕು ಎಂಬುದು ಹೊಳೆಯಬೇಕು. ಆ ಹೊಳಹನ್ನು ಬೆಳಗಿಸುವುದೇ ಗುರುವಿನ ಕೆಲಸ.

ವಿದ್ವಾಂಸನು ಹುಡುಕುವುದು ಒಂದು ಕಡೆ, ಉಪಾಧ್ಯಾಯನು ಹೇಳುವುದು ಇನ್ನೊಂದು ಕಡೆ ಎಂಬ ವಿಂಗಡಣೆ ನಮ್ಮಲ್ಲಿ ಬೇರೂರಿದೆ. ಇದು ತಪ್ಪೆಂದು ಕಂಡುಕೊಂಡವರು ಹಿಂದೆಯೇ ಇದ್ದರು. 1810ರಲ್ಲಿ ಬರ್ಲಿನ್ ನಗರದಲ್ಲಿ ವಿಶ್ವವಿದ್ಯಾನಿಲಯವನ್ನು ಕಟ್ಟಿದ ಹುಂಬೋಲ್ಟನ ಮತದಲ್ಲಿ ಗುರುಶಿಷ್ಯರಿಬ್ಬರೂ ಒಟ್ಟಿಗೆ ಹುಡುಕುವವರು. ವಿದ್ಯೆಯೆಂಬುದು ಮುಗಿದ ಸರಕಲ್ಲ, ಮುಗಿಯದ ಕೆಲಸ. ನಮ್ಮ ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪಿತವಾದಾಗ ಶಾಮಶಾಸ್ತ್ರಿಗಳ ಆ ಗ್ರಂಥಾಲಯವೂ ಅದಕ್ಕೆ ಸೇರಿತು. ಮುಂದೆ ಪುರಾತತ್ತ್ವ ಇಲಾಖೆಯೂ ಅದರ ಆಶ್ರಯಕ್ಕೆ ಬಂದಿತು. ಇತಿಹಾಸದ ಪ್ರಾಧ್ಯಾಪಕರಾಗಿದ್ದ ಎಂ. ಎಚ್. ಕೃಷ್ಣ ಅವರೇ ಆ ಇಲಾಖೆಯ ನಿರ್ದೇಶಕರೂ ಆಗಿದ್ದರು. ಚಂದ್ರವಳ್ಳಿಯನ್ನೂ ಬ್ರಹ್ಮಗಿರಿಯನ್ನೂ ಅಗೆಸಿದವರು ಅವರು. ಅಗೆದ ಕೈಯೇ ಪಾಠ ಹೇಳುವ ಕೈಯೂ ಆಗಿದ್ದ ಕಾಲವದು.

ಈ ಕೃಷ್ಣ ಅವರ ಹೆಸರು ನನಗೆ ತಿಳಿದದ್ದು ಬಹಳ ತಡವಾಗಿ. ನಾನು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನವನು. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದಿದವನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ನಾನು ಹತ್ತಿದ್ದು ಅಂಚೆಯ ಮೂಲಕ ಓದಿದ ಪರೀಕ್ಷೆಗಳನ್ನು ಬರೆಯುವುದಕ್ಕೆ ಮಾತ್ರ. ಪ್ರಾಧ್ಯಾಪಕರ ಎದುರಿನಲ್ಲಿ ಕುಳಿತು ಪಾಠ ಕೇಳುವ ಭಾಗ್ಯ ನನಗಿರಲಿಲ್ಲ. ಶಾಲೆಯಲ್ಲಿ ನಮಗೆ ಒಂದು ಅಂಕದ ಪ್ರಶ್ನೆಯೊಂದಿತ್ತು: ಕನ್ನಡದ ಮೊದಲ ಶಾಸನ ಯಾವುದು? ಉತ್ತರ: ಹಲ್ಮಿಡಿ ಶಾಸನ, ಕ್ರಿ.ಶ. 450. ಇದನ್ನು ನಾವು ಮಗ್ಗಿಯಂತೆ ಒಪ್ಪಿಸುತ್ತಿದ್ದೆವು. ಹಲ್ಮಿಡಿ ಇರುವುದು ನಮ್ಮದೇ ತಾಲ್ಲೂಕಿನಲ್ಲಿ! ಅಲ್ಲಿಂದ ಸಂತೆಗೆ ಬರುತ್ತಿದ್ದವರನ್ನು ನಾವು ಕಂಡಿದ್ದೆವು. ಆದರೂ ಆ ಕಲ್ಲನ್ನು ಕಂಡವರು ಯಾರು, ಅದರಲ್ಲಿ ಏನು ಬರೆದಿದೆ, 450 ಎಂಬ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲ; ಕೇಳುವುದು ನಮ್ಮ ಪಾಲಿನ ಕೆಲಸವೆಂದು ನಮಗೂ ಯಾರೂ ತಿಳಿಸಿರಲಿಲ್ಲ.

ಆ ಕಲ್ಲನ್ನು 1936ರಲ್ಲಿ ಲೋಕಕ್ಕೆ ತಿಳಿಯಪಡಿಸಿದವರು ಎಂ. ಎಚ್. ಕೃಷ್ಣ. ಅದು ಊರಿನ ವೀರಭದ್ರ ದೇವಾಲಯದ ಮುಂದೆ ನಿಂತಿತ್ತು. ಈಗ ಮೂಲಶಿಲೆ ಮೈಸೂರಿನಲ್ಲಿದೆ, ಊರಿನಲ್ಲಿ ಪ್ರತಿಕೃತಿಯಿದೆ. ಹದಿನಾರು ಸಾಲುಗಳ ಬರಹ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಗ್ರಾಮಗಳನ್ನು ಕೊಟ್ಟುದನ್ನು ಅದು ಹೇಳುತ್ತದೆ. ಆ ದಾನಕ್ಕೆ ಅದರಲ್ಲಿರುವ ಹೆಸರು ‘ಬಾಳ್ಗಳ್ಚು’. ಎಂದರೆ, ಕತ್ತಿಯನ್ನು ತೊಳೆದು ಕೊಟ್ಟ ಮರ್ಯಾದೆ. ಊರಿನ ಹೆಸರು ಅಲ್ಲಿ ಪಕಾರದಿಂದ ತೊಡಗುತ್ತದೆ; ಇಂದು ನಾವು ಹಕಾರದಿಂದ ಹೇಳುತ್ತೇವೆ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಊರಿನ ಹೆಸರೂ ನಾಲಗೆಯ ಮೇಲೆ ಸವೆದು ಬಂದಿದೆ. ಇಷ್ಟನ್ನು ತಿಳಿದಾಗ ಆ ಒಂದು ಅಂಕದ ಉತ್ತರ ನನ್ನ ಕಣ್ಣಿಗೆ ಊರಾಗಿ, ಜನವಾಗಿ, ಮಾತಾಗಿ ಕಂಡಿತು. ಇನ್ನೊಂದು ಮುಖ್ಯವಾದ ಸಂಗತಿ: ಕಲ್ಲಿನ ಮೇಲೆ ವರ್ಷವನ್ನು ಕೆತ್ತಿಲ್ಲ. ಅಕ್ಷರಗಳ ಆಕಾರ, ಭಾಷೆಯ ರೂಪ, ಅದರಲ್ಲಿ ಹೆಸರಿಸಿರುವ ಕದಂಬ ಅರಸ, ಇವುಗಳನ್ನು ಹೋಲಿಸಿ ವಿದ್ವಾಂಸರು ಕಾಲವನ್ನು ಊಹಿಸಿದ್ದಾರೆ. ‘ಸುಮಾರು’ ಎಂಬ ಮಾತು ನಮ್ಮ ಟಿಪ್ಪಣಿಯಲ್ಲಿ ಉದುರಿಹೋಗಿತ್ತು. ಶೋಧನೆಯಿಂದ ಬೋಧನೆಗೆ ಬರುವ ದಾರಿಯಲ್ಲಿ ಮೊದಲು ಕಳೆದುಹೋಗುವುದು ಈ ಬಡಪಾಯಿ ‘ಸುಮಾರು’!

ಹೋದ ವರ್ಷ ಇದೇ ಪಾಠವನ್ನು ಇಲ್ಲಿಯ ತರಗತಿಯಲ್ಲಿ ಮಾಡುತ್ತಿದ್ದೆ. ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ತಾಳಗುಂದದ ಶಾಸನ ಇದಕ್ಕಿಂತ ಹಳೆಯದಂತೆ. ನಮ್ಮ ತಾತ ಪತ್ರಿಕೆಯಲ್ಲಿ ಓದಿದ್ದರಂತೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?” ಎಂದಳು. ಅವಳ ತಾತ ಓದಿದ್ದು ನಿಜ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಆವರಣದಲ್ಲಿ, 2013ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಅಗೆದಾಗ ಸಿಂಹದ ಆಕೃತಿಯ ಕಟಾಂಜನದ ಮೇಲೆ ಬರಹವೊಂದು ದೊರೆಯಿತು. ಅದು ಸುಮಾರು 370ನೆಯ ಇಸವಿಯದೆಂದು ಇಲಾಖೆಯ ವಿದ್ವಾಂಸರು ಅಭಿಪ್ರಾಯಪಟ್ಟರು. ಅದು ಹಾಗಿದ್ದರೆ ಹಲ್ಮಿಡಿಗಿಂತ ಎಂಬತ್ತು ವರ್ಷ ಹಿರಿದು.

ಆ ದಿನ ನಾನು ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ. ಎರಡು ಬರಹಗಳ ಚಿತ್ರಗಳನ್ನು ತಂದು ಮೇಜಿನ ಮೇಲಿಟ್ಟೆ. ವರ್ಷವನ್ನು ಕೆತ್ತಿರದ ಕಲ್ಲಿನ ವಯಸ್ಸನ್ನು ಹೇಗೆ ಹೇಳುತ್ತೀರಿ ಎಂದು ಮಕ್ಕಳನ್ನೇ ಕೇಳಿದೆ. ಒಬ್ಬ, ಅಕ್ಷರ ನೋಡಿ ಎಂದ. ಇನ್ನೊಬ್ಬ, ಅರಸನ ಹೆಸರು ನೋಡಿ ಎಂದ. ಮತ್ತೊಬ್ಬ, ಅದೇ ಮಣ್ಣಿನ ಪದರದಲ್ಲಿ ಬೇರೇನು ಸಿಕ್ಕಿದೆಯೆಂದು ನೋಡಿ ಎಂದ. ಮೂರು ದಿನ ಈ ಚರ್ಚೆ ನಡೆಯಿತು. ನಾಲ್ಕನೆಯ ದಿನ ಒಬ್ಬರು ತಂದೆ ಶಾಲೆಗೆ ಬಂದರು. “ಮೇಷ್ಟ್ರೇ, ಪರೀಕ್ಷೆಗೆ ಎರಡು ತಿಂಗಳಿದೆ. ಕಲ್ಲಿನ ವಯಸ್ಸನ್ನು ವಿದ್ವಾಂಸರು ನೋಡಿಕೊಳ್ಳುತ್ತಾರೆ. ನಮ್ಮ ಹುಡುಗನಿಗೆ ಅಂಕ ಬರುವ ಹಾಗೆ ಮಾಡಿ. ಕನ್ನಡವನ್ನು ಬಿಟ್ಟು ಬೇರೆ ಭಾಷೆ ತೆಗೆದುಕೊಳ್ಳಲಿ ಎಂದು ಮನೆಯಲ್ಲಿ ಒತ್ತಾಯವಿದೆ, ಇವನೇ ಹಠ ಹಿಡಿದು ಉಳಿದಿದ್ದಾನೆ” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು. ಊರು ಬಿಟ್ಟು ಬಂದು ಈ ನಗರದಲ್ಲಿ ನೆಲೆಯೂರಲು ಹೆಣಗುವವರಿಗೆ ಮಕ್ಕಳ ಅಂಕ ಸಣ್ಣ ವಿಷಯವಲ್ಲ. ನಾನು ಹೇಳಿದೆ: “ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಉತ್ತರವನ್ನೇ ಬರೆಯಲಿ, ಸ್ವಾಮಿ; ಅಂಕ ಎಲ್ಲಿಯೂ ಹೋಗುವುದಿಲ್ಲ. ಆದರೆ ಅವನು ಹಠ ಹಿಡಿದು ಉಳಿದಿರುವುದು ಆ ಒಂದು ಅಂಕಕ್ಕಾಗಿ ಅಲ್ಲವೆಂದು ತೋರುತ್ತದೆ.” ಅವರು ಒಪ್ಪಿದರೋ ಇಲ್ಲವೋ ತಿಳಿಯದು. ಹುಡುಗ ಕನ್ನಡದಲ್ಲಿಯೇ ಉಳಿದಿದ್ದಾನೆ.

ಇದಕ್ಕೆ ವಿರುದ್ಧವಾದ ಅನುಭವವೂ ನನ್ನ ಕಿವಿಗೆ ಬಿದ್ದಿದೆ. ನಮ್ಮಲ್ಲಿ ಓದಿ ಕಾಲೇಜು ಸೇರಿದ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಬಂದಾಗ ಬೇಸರದಿಂದ ಹೇಳಿದಳು: “ಅಲ್ಲಿ ಟಿಪ್ಪಣಿ ಬರೆಸುತ್ತಾರೆ, ಸರ್. ಇದು ಹೇಗೆ ಗೊತ್ತಾಯಿತು ಎಂದು ಕೇಳಿದರೆ ಪಠ್ಯಕ್ರಮದಲ್ಲಿಲ್ಲ ಎನ್ನುತ್ತಾರೆ. ಹಾಗಾದರೆ ಶಾಲೆಗೂ ಕಾಲೇಜಿಗೂ ಏನು ವ್ಯತ್ಯಾಸ?” ಪ್ರಶ್ನೆ ಸರಿಯಾಗಿತ್ತು. ಶೋಧಿಸುವವರು ತಮ್ಮ ಫಲವನ್ನು ತಮ್ಮಂಥವರು ಮಾತ್ರ ಓದುವ ಪತ್ರಿಕೆಗಳಲ್ಲಿ ಇಡುತ್ತಾರೆ. ಪಾಠ ಹೇಳುವವರು ಹಳೆಯ ಟಿಪ್ಪಣಿಯನ್ನು ವರ್ಷವರ್ಷವೂ ಒಪ್ಪಿಸುತ್ತಾರೆ. ನಡುವೆ ವಿದ್ಯಾರ್ಥಿ ಬಾಯಾರಿ ನಿಂತಿರುತ್ತಾನೆ. ಕೆರೆ ತುಂಬಿದೆ, ಗದ್ದೆ ಒಣಗಿದೆ. ತೂಬು ಮಾತ್ರ ತೆರೆದಿಲ್ಲ.

ಹಿಂದೆ ನಮ್ಮ ನಾಡಿನಲ್ಲಿ ತೂಬು ತೆರೆದವರಿದ್ದರು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು, ಕಾಲೇಜಿನ ಸಂಘವೊಂದರ ಪತ್ರಿಕೆ ಕನ್ನಡ ವಿದ್ವತ್ತಿಗೇ ವೇದಿಕೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳಿಗಾಗಿ ಪ್ರಾಧ್ಯಾಪಕರು ಚಿಕ್ಕ ಊರುಗಳಿಗೂ ಹೋಗಿ ತಮ್ಮ ತಮ್ಮ ಶಾಸ್ತ್ರಗಳನ್ನು ಕನ್ನಡದಲ್ಲಿ ಹೇಳಿದರು. ಅವು ಸುಲಭ ಬೆಲೆಯ ಪುಟ್ಟ ಪುಸ್ತಕಗಳಾಗಿ ಮನೆಮನೆ ಸೇರಿದವು. ಡಿ. ಎಲ್. ನರಸಿಂಹಾಚಾರ್ಯರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ‘ವಡ್ಡಾರಾಧನೆ’ಯನ್ನು ಹಸ್ತಪ್ರತಿಗಳಿಂದ ಸಂಪಾದಿಸಿ 1949ರಲ್ಲಿ ಪ್ರಕಟಿಸಿದರು. ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಇನ್ನೊಂದು ಪಾಠವಿದ್ದರೆ ಕವಿಯ ಮಾತು ಯಾವುದೆಂದು ತೀರ್ಮಾನಿಸುವ ಬಗೆಯನ್ನು ‘ಕನ್ನಡ ಗ್ರಂಥ ಸಂಪಾದನೆ’ ಎಂಬ ಪುಸ್ತಕದಲ್ಲಿ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸಿದರು. ಫಲವನ್ನು ಕೊಟ್ಟು ಸುಮ್ಮನಾಗದೆ ಮರ ಹತ್ತುವ ದಾರಿಯನ್ನೂ ತೋರಿದರು.

ನಾವು ಶಾಲೆಯವರು, ನಮಗೆ ತಾಳೆಯೋಲೆಯಿಲ್ಲ, ಉತ್ಖನನವಿಲ್ಲ ಎನ್ನಬಹುದು. ಆದರೆ ಕೈಗೆಟಕುವಷ್ಟು ದೂರದಲ್ಲಿ ಏನೇನಿದೆಯೆಂದು ನೋಡಿ. ಚಾಣಕ್ಯಪುರಿಯ ಪಕ್ಕದಲ್ಲಿಯೇ ತೀನ್ ಮೂರ್ತಿ ವೃತ್ತವಿದೆ. ಆ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಉಳಿದವು ಹೈದರಾಬಾದು, ಜೋಧಪುರಗಳವು. ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳದ ಸ್ಮಾರಕವಿದೆಂದು ಒಬ್ಬ ಹುಡುಗ ಓದಿಕೊಂಡು ಬಂದಿದ್ದ. ಇನ್ನೊಬ್ಬ ಕೇಳಿದ: “ಆ ದಿನದ ದಾಳಿ ನಡೆಸಿದ್ದು ಮೈಸೂರು, ಜೋಧಪುರದವರು ತಾನೆ? ಮೂರನೆಯ ಪ್ರತಿಮೆ ಏಕೆ?” ಆ ಒಂದು ‘ಏಕೆ’ ನಮ್ಮನ್ನು ಪುಸ್ತಕಾಲಯಕ್ಕೆ ಅಟ್ಟಿತು. ಸ್ಮಾರಕವು ಒಂದು ದಿನದ ಯುದ್ಧಕ್ಕೆ ಸೇರಿದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸಿನಾಯ್, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ಹೋರಾಡಿ ಮಡಿದ ಇಡೀ ಅಶ್ವದಳಕ್ಕೆ ಸೇರಿದ್ದು ಎಂದು ಅಲ್ಲಿ ತಿಳಿಯಿತು. ನೂರಾರು ಜನ ದಿನವೂ ಸುತ್ತಿ ಹೋಗುವ ವೃತ್ತದಲ್ಲಿ ಒಬ್ಬ ಹುಡುಗ ನಿಂತು ಎಣಿಸಿದ. ಮೂರಕ್ಕೂ ಎರಡಕ್ಕೂ ಹೊಂದಿಕೆಯಾಗಲಿಲ್ಲ. ಅದರಿಂದ ಪಾಠ ಹುಟ್ಟಿತು.

ಇದಕ್ಕಿಂತಲೂ ಹತ್ತಿರದ ವಸ್ತು ನಿಮ್ಮ ಅಡಿಗೆಯ ಮನೆಯಲ್ಲಿದೆ. ನಮ್ಮ ಶಾಲೆಗೆ ಕನ್ನಡನಾಡಿನ ಎಲ್ಲ ಸೀಮೆಗಳ ಮಕ್ಕಳೂ ಬರುತ್ತಾರೆ. ಒಮ್ಮೆ ನಿಮ್ಮ ನಿಮ್ಮ ಮನೆಯಲ್ಲಿ ತರಕಾರಿ, ಕಾಳುಗಳಿಗೆ ಬಳಸುವ ಹೆಸರುಗಳನ್ನು ಬರೆದು ತನ್ನಿ ಎಂದು ಹೇಳಿದ್ದೆ. ಮೈಸೂರು ಕಡೆಯವರು ಈರುಳ್ಳಿ ಎಂದು ಬರೆದರು. ಧಾರವಾಡದ ಕಡೆಯವರು ಉಳ್ಳಾಗಡ್ಡಿ ಎಂದರು. ಕರಾವಳಿಯವರು ನೀರುಳ್ಳಿ ಎಂದರು. ಕಡಲೆಕಾಯಿ ಒಂದು ಮನೆಯಲ್ಲಿ ಶೇಂಗಾ, ಇನ್ನೊಂದು ಮನೆಯಲ್ಲಿ ನೆಲಗಡಲೆ. ಆರನೆಯ ತರಗತಿಯ ಹುಡುಗನೊಬ್ಬ ‘ಪ್ಯಾಜ್’ ಎಂದು ಬರೆದಿದ್ದ. ತರಗತಿಯೆಲ್ಲ ನಕ್ಕಿತು, ಅವನ ಮುಖ ಬಾಡಿತು. ಆದರೆ ಅವನು ಬರೆದದ್ದು ನಿಜವನ್ನೇ. ಅವನ ತಾಯಿ ಕನ್ನಡದಲ್ಲಿ ಮಾತಾಡುತ್ತಲೇ, “ಮಗಾ, ಎರಡು ಪ್ಯಾಜ್ ತಗೊಂಡು ಬಾ” ಎನ್ನುತ್ತಾರಂತೆ. ನಾನು ಕರಿಹಲಗೆಯ ಮೇಲೆ ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿಗಳ ಸಾಲಿನಲ್ಲಿಯೇ ಅದನ್ನೂ ಬರೆದೆ. ಇರಬೇಕಾದುದನ್ನಲ್ಲ, ಇರುವುದನ್ನು ಗುರುತು ಹಾಕಿಕೊಳ್ಳುವುದು ಶೋಧಕನ ಮೊದಲ ಧರ್ಮ. ‘ಶೇಂಗಾ’ ಮರಾಠಿಯ ನೆರೆಯಿಂದ ಬಂದು ಧಾರವಾಡದಲ್ಲಿ ನೆಲೆಸಿದಂತೆ ‘ಪ್ಯಾಜ್’ ದೆಹಲಿಯ ಕನ್ನಡದಲ್ಲಿ ನೆಲೆಸುವುದೋ, ಅಥವಾ ಅದರ ಬೆನ್ನ ಹಿಂದೆ ಕನ್ನಡವೇ ಹೊರಟುಹೋಗುವುದೋ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇದನ್ನು ದಿನವೂ ಕಿವಿಯಾರೆ ಕೇಳುತ್ತಿರುವ ನೀವು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟನ್ನು ಸಿದ್ಧಪಡಿಸುವುದಕ್ಕೆ ಶಾಸನಗಳನ್ನೂ ಕಾವ್ಯಗಳನ್ನೂ ಶೋಧಿಸಿ ಪದಗಳನ್ನು ಒಂದೊಂದಾಗಿ ಆಯ್ದುಕೊಳ್ಳಬೇಕಾಯಿತು. ದೆಹಲಿಯ ಕನ್ನಡ ಮನೆಗಳ ಮಾತನ್ನು ಆಯ್ದುಕೊಳ್ಳುವವರು ಯಾರು?

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮುಂದೆ ವಿಶ್ವವಿದ್ಯಾನಿಲಯಗಳನ್ನು ಸೇರುವಿರಿ. ಅಲ್ಲಿ ಯಾವ ಶಾಸ್ತ್ರವನ್ನೇ ಓದಿ, ಯಾವ ಭಾಷೆಯಲ್ಲಿಯೇ ಓದಿ, ಗುರುಗಳನ್ನು ವಿನಯದಿಂದ ಒಂದು ಮಾತು ಕೇಳಿ: ಇದು ಹೇಗೆ ತಿಳಿಯಿತು? ಒಳ್ಳೆಯ ಗುರು ಸಂತೋಷಪಡುತ್ತಾನೆ. ಆತನ ಕಣ್ಣಿನಲ್ಲಿ ಬೆಳಕು ಬರುತ್ತದೆ. ಉತ್ತರ ದೊರೆಯದಿದ್ದರೆ ನಿರಾಶರಾಗಬೇಡಿ. ಗ್ರಂಥಾಲಯದ ಬಾಗಿಲು ತೆರೆದಿರುತ್ತದೆ. ಕನ್ನಡ ಶಾಲೆಯಿಂದ ಹೋದವರೆಂದು ಸಂಕೋಚ ಬೇಡ. ಪ್ರಶ್ನೆ ಹುಟ್ಟುವುದಕ್ಕೆ ಯಾವ ಭಾಷೆಯಾದರೂ ಸಾಕು. ಚಿಕ್ಕಂದಿನಿಂದ ಮನಸ್ಸಿನಲ್ಲಿ ಆಡಿದ ಭಾಷೆಯಲ್ಲಿ ಅದು ಬೇಗ ಹುಟ್ಟುತ್ತದೆ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ನೀವು ಸ್ವತಃ ಹುಡುಕಿ ಕಂಡ ಸಂಗತಿಗಳಿಗೆ ಮೀಸಲಿಡಬೇಕೆಂದು ನಾನು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋದವರು ಅಜ್ಜಿಯ ಬಾಯಿಂದ ಐವತ್ತು ಪದಗಳನ್ನು ಬರೆದುಕೊಂಡು ಬನ್ನಿ. ಊರಿನ ಗುಡಿಯ ಮುಂದೆ ಕಲ್ಲು ನಿಂತಿದ್ದರೆ ಅದರ ಅಳತೆಯನ್ನೂ ಸಾಲುಗಳ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ. ದೆಹಲಿಯಲ್ಲಿಯೇ ಉಳಿದವರು ನಿಮ್ಮ ಮನೆಯ ಮಾತಿನಲ್ಲಿ ಒಂದು ವಾರ ಎಷ್ಟು ಹಿಂದಿ ಪದಗಳು ಬಂದವೆಂದು ಎಣಿಸಿ. ಯಾರಿಂದ ಕೇಳಿದಿರಿ, ಯಾವ ಊರಿನವರು, ಯಾವ ದಿನ ಎಂಬುದನ್ನು ಪಕ್ಕದಲ್ಲಿ ಬರೆಯುವುದನ್ನು ಮರೆಯಬೇಡಿ. ಸಂದೇಹವಿದ್ದಲ್ಲಿ ‘ಸುಮಾರು’ ಎಂದು ಬರೆಯಲು ನಾಚಬೇಡಿ.